ಕಂಡ ಮೇಲೆ ತಲುಪುವವರು ಯಾರು? ಗಡಿ ಮತ್ತು ಕರಾವಳಿ ಕಾವಲಿನ ಅಸಲಿ ತೊಡಕು

ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಭಾರತದ ಕರಾವಳಿಯ ಉದ್ದ 7,516.6 ಕಿ.ಮೀ. ಎಂದೇ ಇತ್ತು. ಕೇಂದ್ರ ಗೃಹ ಸಚಿವಾಲಯದ ಹೊಸ ಲೆಕ್ಕದಲ್ಲಿ ಅದು 11,098.81 ಕಿ.ಮೀ. ಕಡಲು ಹಿಂದೆ ಸರಿದಿಲ್ಲ, ಹೊಸ ನೆಲವೇನೂ ಸೇರಿಲ್ಲ, ಬದಲಾದದ್ದು ಅಳತೆ. 1970ರ ದಶಕದಲ್ಲಿ ಅಳೆದ ನಕ್ಷೆಗಳಲ್ಲಿ ಸಣ್ಣಪುಟ್ಟ ಕೊಲ್ಲಿ, ಅಳಿವೆ, ಹಿನ್ನೀರಿನ ಕವಲುಗಳೆಲ್ಲ ಒಂದೇ ಗೆರೆಯೊಳಗೆ ಅಡಗಿಹೋಗಿದ್ದವು. 1:2,50,000 ಮಾಪಕದ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಅವೆಲ್ಲ ಬಿಡಿಬಿಡಿಯಾಗಿ ಕಾಣಿಸಿಕೊಂಡವು. ಪಶ್ಚಿಮ ಬಂಗಾಳದ ಕರಾವಳಿ 157 ಕಿ.ಮೀ.ಯಿಂದ 721ಕ್ಕೆ ಏರಿತು, ಗುಜರಾತಿನದು 1,214ರಿಂದ 2,340ಕ್ಕೆ. ನೇರ ದಂಡೆಯ ಕೇರಳದಲ್ಲಿ ಮಾತ್ರ ಹೆಚ್ಚಿದ್ದು ಅತ್ಯಲ್ಪ. ಹಾಗೆ ಹೆಚ್ಚಿದ ಕಿಲೋಮೀಟರುಗಳಲ್ಲಿ ಬಹುಪಾಲು ಕಾವಲಿಗೆ ಅತಿ ಕಷ್ಟದ ಜಾಗಗಳೇ: ಸುಂದರ್‌ಬನ್ಸ್‌ನ ಕೆಸರು ಕಾಲುವೆಗಳು, ಕಚ್ಛದ ಕೊರಕಲುಗಳು, ಭರತದಲ್ಲಿ ಮುಳುಗಿ ಇಳಿತದಲ್ಲಿ ಮೇಲೇಳುವ ದಿಬ್ಬಗಳು.

ಗಡಿ ಭದ್ರತೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹೇಳುವುದು ನಮಗೆ ಅಭ್ಯಾಸವಾಗಿದೆ. 15,106.7 ಕಿ.ಮೀ. ಭೂಗಡಿಯಲ್ಲಿ ಇಷ್ಟಕ್ಕೆ ಬೇಲಿಯಾಯಿತು, ಇಷ್ಟು ಬಾಕಿ ಎಂದು ಸಂಸತ್ತಿನಲ್ಲಿ ಉತ್ತರ ಬರುತ್ತದೆ, ಮರುದಿನ ಅದೇ ಸುದ್ದಿ. ಆದರೆ ಬೇಲಿಯ ಕೆಲಸ ನುಸುಳುವವರನ್ನು ತಡಮಾಡಿಸುವುದಷ್ಟೇ. ಕಟ್ಟರ್ ಹಿಡಿದು ಬಂದವನಿಗೆ ಮುಳ್ಳುತಂತಿ ಕೆಲವೇ ನಿಮಿಷದ ಕೆಲಸ. ಆ ನಿಮಿಷಗಳೊಳಗೆ ಕಾವಲಿನವರು ಅಲ್ಲಿಗೆ ಬಂದರೆ ಬೇಲಿಗೆ ಹಾಕಿದ ದುಡ್ಡು ಸಾರ್ಥಕ. ಬಾರದಿದ್ದರೆ ಬೆಳಗ್ಗೆ ತಂತಿ ಕತ್ತರಿಸಿದ ಜಾಗ ತೋರಿಸಿ ವರದಿ ಬರೆಯಬಹುದು, ಅಷ್ಟೆ. ಕಡಲಲ್ಲಿ ರಾಡಾರ್‌ನ ಕತೆಯೂ ಇದೇ. ಏನೋ ಬರುತ್ತಿದೆ ಎಂದು ಕಾಣಬೇಕು, ಅದು ಯಾರೆಂದು ತಿಳಿಯಬೇಕು, ಹೊತ್ತು ಮೀರುವ ಮುಂಚೆ ಒಬ್ಬರು ಅಲ್ಲಿಗೆ ತಲುಪಬೇಕು. ಕಾಣುವ ಉಪಕರಣಗಳಿಗೆ ನಾವು ಧಾರಾಳವಾಗಿ ಖರ್ಚು ಮಾಡಿದ್ದೇವೆ. ಸೋಲು ಕಾಡುತ್ತಿರುವುದು ಗುರುತಿಸುವಲ್ಲಿ ಮತ್ತು ತಲುಪುವಲ್ಲಿ.

2008ರ ನವೆಂಬರ್ 26ರ ರಾತ್ರಿ ಮುಂಬೈಗೆ ಬಂದ ಹತ್ತು ಮಂದಿ ಉಗ್ರರು ಬಳಸಿದ್ದು ನಮ್ಮದೇ ದೋಣಿಯನ್ನು. ಪೋರಬಂದರಿನ ಮೀನುಗಾರಿಕಾ ಟ್ರಾಲರ್ ‘ಕುಬೇರ್’ ಅನ್ನು ನಡುಗಡಲಲ್ಲಿ ಅಪಹರಿಸಿ, ಮುಂಬೈ ಹತ್ತಿರವಾದ ಮೇಲೆ ಗಾಳಿ ತುಂಬಿದ ರಬ್ಬರ್ ದೋಣಿಗೆ ಇಳಿದು ಬಧ್ವಾರ್ ಪಾರ್ಕ್ ಬಳಿಯ ಮೀನುಗಾರರ ಬಸ್ತಿಯ ದಡಕ್ಕೆ ಬಂದರು. ಅಂದು ಅತ್ಯುತ್ತಮ ರಾಡಾರ್ ಇದ್ದಿದ್ದರೂ ಪರದೆಯ ಮೇಲೆ ಕಾಣುತ್ತಿದ್ದುದು ನೂರಾರು ಚುಕ್ಕೆಗಳ ನಡುವೆ ಇನ್ನೊಂದು ಚುಕ್ಕೆ, ಅದೂ ಭಾರತದಲ್ಲೇ ನೋಂದಣಿಯಾದ ದೋಣಿ. ದಡದಲ್ಲಿ ಅವರನ್ನು ಮೊದಲು ಕಂಡು ಯಾರೆಂದು ಕೇಳಿದ್ದು ಬಸ್ತಿಯ ಜನ. ಅದಕ್ಕೂ 15 ವರ್ಷ ಮೊದಲು, 1993ರಲ್ಲಿ, ಮುಂಬೈ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ಇಳಿದದ್ದು ರಾಯಗಡ ಜಿಲ್ಲೆಯ ಶೇಖಾಡಿಯಂಥ ಸಣ್ಣ ಕಡಲೂರಿನಲ್ಲಿ.

26/11ರ ನಂತರ ವ್ಯವಸ್ಥೆ ಬದಲಾಯಿತು. 2009ರ ಫೆಬ್ರುವರಿಯಲ್ಲಿ ಸಮುದ್ರ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. ದಡಕ್ಕೆ ಹತ್ತಿರದ ನೀರು ರಾಜ್ಯಗಳ ಕರಾವಳಿ ಪೊಲೀಸರಿಗೆ, ಅದರಾಚೆಗೆ ಕೋಸ್ಟ್ ಗಾರ್ಡ್‌ಗೆ. ಮೊದಲ ಹಂತದಲ್ಲಿ 46 ರಾಡಾರ್ ಕೇಂದ್ರಗಳು ಎದ್ದವು, ಮುಖ್ಯಭೂಮಿಯಲ್ಲಿ 36, ಲಕ್ಷದ್ವೀಪದಲ್ಲಿ 6, ಅಂಡಮಾನ್‌ನಲ್ಲಿ 4. ಆ ಕೇಂದ್ರಗಳು ಪೂರ್ತಿಯಾಗಿ ಕೆಲಸ ಶುರುಮಾಡುವ ಮೊದಲೇ, 2011ರ ಜುಲೈ 31ರಂದು ‘ಎಂ.ವಿ. ಪವಿತ್’ ಎಂಬ, ಒಬ್ಬ ಮನುಷ್ಯನೂ ಇಲ್ಲದ ಹಡಗು ಅರಬ್ಬಿ ಸಮುದ್ರವನ್ನು ತೇಲುತ್ತಲೇ ದಾಟಿ ಜುಹು ಬೀಚಿನ ಮರಳಿಗೆ ಬಂದು ಹೂತುಕೊಂಡಿತು. ಒಮಾನ್ ಬಳಿ ಸಿಬ್ಬಂದಿ ತೊರೆದು ಹೋಗಿದ್ದ ಹಡಗದು. 2022ರ ಆಗಸ್ಟ್ 18ರಂದು ರಾಯಗಡದ ಹರಿಹರೇಶ್ವರದ ಬಳಿ ‘ಲೇಡಿ ಹಾನ್’ ಎಂಬ ಯಾಟ್ ದಡ ಸೇರಿತು, ಒಳಗೆ ಮೂರು ಎಕೆ-47 ಬಂದೂಕು. ಮಸ್ಕತ್‌ನಿಂದ ಯುರೋಪಿಗೆ ಹೊರಟು, ಕಡಲು ಕೆಟ್ಟು, ಸಿಬ್ಬಂದಿ ಕೈಬಿಟ್ಟ ದೋಣಿ ಅದು ಎಂದು ತನಿಖೆ ಹೇಳಿತು. ಎರಡರಲ್ಲೂ ಸಂಚು ಇರಲಿಲ್ಲ. ಆದರೆ ಎರಡೂ ನಡೆದದ್ದು ಮಳೆಗಾಲದಲ್ಲಿ, ಇದನ್ನು ಮರೆಯಬಾರದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ಸಾವಿರಾರು ದೋಣಿಗಳು ಧಕ್ಕೆಯಲ್ಲಿ ಕಟ್ಟಿರುತ್ತವೆ, ಪೊಲೀಸರ ಸಣ್ಣ ದೋಣಿಗಳೂ ಆ ಅಲೆಗಳಿಗೆ ಇಳಿಯುವಂತಿಲ್ಲ. ಎತ್ತರದ ಅಲೆಗಳ ಪ್ರತಿಧ್ವನಿ ರಾಡಾರ್ ಪರದೆಯನ್ನೇ ತುಂಬುತ್ತದೆ. ಮನುಷ್ಯನ ಕಣ್ಣು, ಯಂತ್ರದ ಕಣ್ಣು ಎರಡೂ ಒಟ್ಟಿಗೆ ಮಂಜಾಗುವ ಕಾಲ ಅದು.

ರಾಡಾರ್‌ಗೆ ಎಷ್ಟು ದೂರ ಕಾಣುತ್ತದೆ ಎಂಬುದು ಸರಳ ಲೆಕ್ಕ. ಭೂಮಿ ದುಂಡಗಿದೆ, ರಾಡಾರ್‌ನ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ. ದೀಪಸ್ತಂಭದ ಮೇಲೆ, ನೀರಿನ ಮಟ್ಟದಿಂದ 50 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದು, ಎದುರಿನ ದೋಣಿ ನೀರಿನಿಂದ ಎರಡು ಮೀಟರ್ ಮೇಲಿದ್ದರೆ ಸುಮಾರು 35 ಕಿ.ಮೀ. ಒಳಗೆ ಮಾತ್ರ ಅದು ಕಾಣಲು ಸಾಧ್ಯ. ಇದು ಶಾಂತ ಕಡಲಿನ ಮಾತು. ಮರದ ಅಥವಾ ಫೈಬರ್‌ನ ನಾಡದೋಣಿ ಉಕ್ಕಿನ ಹಡಗಿನಂತೆ ರೇಡಿಯೊ ಅಲೆಗಳನ್ನು ಹಿಂದಿರುಗಿಸುವುದಿಲ್ಲ. ಅದರ ಗುರುತು ಕ್ಷೀಣ, ಕಡಲಲ್ಲಿ ಅಲೆ ಎದ್ದರೆ ಮಾಯ.

ಗುರುತಿಸುವ ಕೆಲಸಕ್ಕೆ ಇರುವುದು ಎಐಎಸ್ ಎಂಬ ಸಾಧನ. ಹಡಗಿನ ಹೆಸರು, ಒಂಬತ್ತು ಅಂಕಿಯ ಸಂಖ್ಯೆ, ಇರುವ ಜಾಗ, ವೇಗ, ದಿಕ್ಕು ಎಲ್ಲವನ್ನೂ ವಿಎಚ್‌ಎಫ್ ರೇಡಿಯೊದಲ್ಲಿ ತಾನಾಗಿ ಸಾರುತ್ತಿರುತ್ತದೆ. ಭಾರತದ ಹಡಗಾದರೆ ಆ ಸಂಖ್ಯೆ 419ರಿಂದ ಶುರು. ದೊಡ್ಡ ಹಡಗುಗಳಿಗೂ 20 ಮೀಟರ್‌ಗಿಂತ ಉದ್ದದ ಮೀನುಗಾರಿಕಾ ದೋಣಿಗಳಿಗೂ ಇದು ಕಡ್ಡಾಯ. ಆದರೆ ಇದು ಪ್ರಾಮಾಣಿಕರಿಗಾಗಿ ಮಾಡಿದ ಸಾಧನ. ಸ್ವಿಚ್ ಆರಿಸಿದರೆ ಮುಗಿಯಿತು, ಸುಳ್ಳು ಸಂಖ್ಯೆ ತುಂಬಿದರೂ ಅದೇ ಪ್ರಸಾರವಾಗುತ್ತದೆ. ಮೀನುಗಾರರು ಆರಿಸುವುದಕ್ಕೆ ಬೇರೆಯೇ ಕಾರಣ ಇದೆ. ಒಳ್ಳೆಯ ಮೀನಿನ ಜಾಗ ಸಿಕ್ಕಾಗ ಅದನ್ನು ಉಳಿದ ದೋಣಿಗಳಿಗೆ ತೋರಿಸಲು ದೋಣಿ ನಡೆಸುವ ಯಾವ ತಾಂಡೇಲನೂ ಒಪ್ಪುವುದಿಲ್ಲ. ಅದು ಅವನ ಹೊಟ್ಟೆಪಾಡು. 20 ಮೀಟರ್‌ಗಿಂತ ಸಣ್ಣ ದೋಣಿಗಳೇ ದೇಶದಲ್ಲಿ ಬಹುಪಾಲು, ಅವುಗಳಲ್ಲಿ ಅನೇಕಕ್ಕೆ ಏನೂ ಇಲ್ಲ. ಇಸ್ರೊ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ಎರಡೂ ದಿಕ್ಕಿಗೆ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ಚಂಡಮಾರುತದ ಎಚ್ಚರಿಕೆ, ಅಪಾಯದಲ್ಲಿ ಒತ್ತುವ ಗುಂಡಿ, ಮೀನು ಇರುವ ವಲಯದ ಮಾಹಿತಿ ಎಲ್ಲ ಅದರಲ್ಲೇ ಬರುತ್ತದೆ. ಇದೇ ಸರಿಯಾದ ದಾರಿ. ತನಗೆ ಉಪಯೋಗವಿಲ್ಲದ, ಬರೀ ಸರ್ಕಾರದ ಕಣ್ಣಾಗಿರುವ ಪೆಟ್ಟಿಗೆಯನ್ನು ಯಾರೂ ಬಹಳ ದಿನ ಉರಿಸಿಕೊಂಡಿರುವುದಿಲ್ಲ.

ಒಂದು ದೋಣಿಯ ಜಾಡು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿ ನೋವಿನಿಂದ ಕಂಡಿದೆ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಎರಡು ದಿನದ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ನೌಕಾಪಡೆ, ಕೋಸ್ಟ್ ಗಾರ್ಡ್, ಎರಡು ರಾಜ್ಯಗಳ ಪೊಲೀಸರು, ಮೀನುಗಾರರು ಎಲ್ಲರೂ ಹುಡುಕಿದರು. ಅಪಹರಣವೇ, ಡಿಕ್ಕಿಯೇ ಎಂದು ತಿಂಗಳುಗಟ್ಟಲೆ ಊಹೆ ನಡೆಯಿತು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಡಿಯಲ್ಲಿ ಅವಶೇಷ ಪತ್ತೆ ಮಾಡಿದ್ದು ಪ್ರಕಟವಾದಾಗ 2019ರ ಮೇ ತಿಂಗಳು. ದಿನವೂ ಹಡಗುಗಳು ಓಡಾಡುವ, ಎರಡು ರಾಜ್ಯಗಳ ದೋಣಿಗಳು ಬಲೆ ಬಿಡುವ ನೀರಿನಲ್ಲಿ ನಾಲ್ಕೂವರೆ ತಿಂಗಳು ಒಂದು ದೊಡ್ಡ ಆಳಸಮುದ್ರ ಬೋಟ್ ಎಲ್ಲಿದೆ ಎಂದು ಯಾರಿಗೂ ಹೇಳಲಾಗಲಿಲ್ಲ. ರಕ್ಷಣೆಗಾಗಿ ಹುಡುಕುವುದೂ ಭದ್ರತೆಗಾಗಿ ಹುಡುಕುವುದೂ ಒಂದೇ ಕೌಶಲ, ಒಂದೇ ಉಪಕರಣ. ಒಂದರಲ್ಲಿ ಕೊರತೆ ಇದ್ದರೆ ಇನ್ನೊಂದರಲ್ಲೂ ಇದ್ದೇ ಇರುತ್ತದೆ.

ಇನ್ನು ತಲುಪುವ ಮಾತು. ಶಂಕಿತ ದೋಣಿ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ದೂರದಲ್ಲಿ ಕಂಡಿತು ಎಂದುಕೊಳ್ಳಿ. ಗಂಟೆಗೆ 20 ನಾಟಿಕಲ್ ಮೈಲು ವೇಗದಲ್ಲಿ ಬಂದರೆ ಅದು 36 ನಿಮಿಷದಲ್ಲಿ ಮರಳಿಗೆ ತಾಗುತ್ತದೆ. ಆ 36 ನಿಮಿಷದೊಳಗೆ ರಾಡಾರ್ ಕೋಣೆಯವರು ಅನುಮಾನಪಡಬೇಕು, ವಿಎಚ್‌ಎಫ್‌ನ 16ನೇ ಚಾನೆಲ್‌ನಲ್ಲಿ ಕೂಗಿ ಉತ್ತರಕ್ಕೆ ಕಾಯಬೇಕು, ಠಾಣೆಗೆ ಫೋನ್ ಹೋಗಬೇಕು, ಸಿಬ್ಬಂದಿ ಧಕ್ಕೆಗೆ ಬರಬೇಕು, ಎಂಜಿನ್ ಶುರುವಾಗಬೇಕು, ದೋಣಿ ಅಳಿವೆ ಬಾಗಿಲು ದಾಟಬೇಕು. ನಮ್ಮ ಕಡೆಯ ಬಂದರುಗಳೆಲ್ಲ ಬಹುಪಾಲು ನದಿಮುಖದಲ್ಲೇ ಇವೆ. ಹೂಳು ತುಂಬಿದ ಅಳಿವೆಯಲ್ಲಿ ಇಳಿತದ ಹೊತ್ತು ಹೊರಗೆ ಹೋಗುವುದೇ ಸಾಹಸ. ಗಂಗೊಳ್ಳಿಯ ಅಥವಾ ಹೊನ್ನಾವರದ ಮೀನುಗಾರರನ್ನು ಕೇಳಿದರೆ ಅಳಿವೆಯಲ್ಲಿ ಮಗುಚಿದ ದೋಣಿಗಳ ಲೆಕ್ಕ ಕೊಡುತ್ತಾರೆ. ಹಾಗಾಗಿ ಹೂಳೆತ್ತುವುದನ್ನು ಮೀನುಗಾರಿಕೆಯ ಬಾಬತ್ತು ಎಂದು ಬದಿಗಿಡುವಂತಿಲ್ಲ, ಅದು ಕಾವಲಿನ ಖರ್ಚೂ ಹೌದು.

ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತ 2005ರಲ್ಲೇ ಶುರುವಾಯಿತು: 73 ಪೊಲೀಸ್ ಠಾಣೆ, 204 ದೋಣಿ. 2011ರ ಎರಡನೇ ಹಂತದಲ್ಲಿ ಇನ್ನೂ 131 ಠಾಣೆ, 60 ಜೆಟ್ಟಿ. ಕರ್ನಾಟಕದಲ್ಲಿ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡ ಕರಾವಳಿ ಕಾವಲು ಪೊಲೀಸ್ ಪಡೆಗೆ ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆಗಳಿವೆ. ಕಾಗದದ ಮೇಲೆ ಚಿತ್ರ ಚೆನ್ನಾಗಿದೆ. ಕೆಡುವುದು ಆಮೇಲೆ. ದೋಣಿ ಖರೀದಿಗೆ ಕೇಂದ್ರದ ಹಣ ಬಂತು, ಹತ್ತು ವರ್ಷದ ನಂತರದ ಎಂಜಿನ್ ಬದಲಾವಣೆಗೆ, ದಿನದ ಡೀಸೆಲ್‌ಗೆ, ಉಪ್ಪುನೀರು ತಿಂದ ಬಿಡಿಭಾಗಕ್ಕೆ ರಾಜ್ಯಗಳ ಬಜೆಟ್‌ನಲ್ಲಿ ಎಳೆದಾಟ. ವೇಗದ ದೋಣಿ ಕುಡಿಯುವ ಡೀಸೆಲ್ ಜೀಪಿನ ಹತ್ತಾರು ಪಟ್ಟು, ಆದ್ದರಿಂದ ಮೊದಲು ಕಡಿತವಾಗುವುದು ಗಸ್ತಿನ ಗಂಟೆ. ಹಲವು ರಾಜ್ಯಗಳ ಬಗ್ಗೆ ಸಿಎಜಿ ಬರೆದ ವರದಿಗಳಲ್ಲಿ ಕಟ್ಟಿಹಾಕಿದ ದೋಣಿ, ಖಾಲಿ ಹುದ್ದೆ, ಮುಗಿಯದ ಜೆಟ್ಟಿ ಮತ್ತೆ ಮತ್ತೆ ಬರುತ್ತವೆ. ಇನ್ನೊಂದು ದೋಷ ಮೂಲದಲ್ಲೇ ಇದೆ. ಸಾಮಾನ್ಯ ಠಾಣೆಯಿಂದ ವರ್ಗವಾಗಿ ಬಂದ ಕಾನ್‌ಸ್ಟೆಬಲ್ ಕಡಲನ್ನು ಓದಲು ಕಲಿಯುವಷ್ಟರಲ್ಲಿ ಮತ್ತೆ ವರ್ಗ. ಚುಕ್ಕಾಣಿ ಹಿಡಿಯುವವರು, ಎಂಜಿನ್ ನೋಡುವವರು ಅನೇಕ ಕಡೆ ಗುತ್ತಿಗೆಯವರು. ಕರಾವಳಿ ಪೊಲೀಸ್ ಎಂಬುದೇ ಪ್ರತ್ಯೇಕ ವೃತ್ತಿಯಾಗಿ, ಕಡಲ ಊರುಗಳ ಹುಡುಗರನ್ನೇ ಖಾಯಂ ಆಗಿ ತೆಗೆದುಕೊಳ್ಳುವವರೆಗೆ ಹೊಸ ದೋಣಿಗಳಿಂದ ಹೆಚ್ಚು ಪ್ರಯೋಜನವಿಲ್ಲ.

ನೆಲದ ಗಡಿಗೆ ಬಂದರೆ ಬಾಂಗ್ಲಾದೇಶದ ಅಂಚೇ ದೊಡ್ಡ ಪಾಠ. 4,096.7 ಕಿ.ಮೀ. ಉದ್ದ, ಅದರಲ್ಲಿ 1,100 ಕಿ.ಮೀ.ಗೂ ಹೆಚ್ಚು ನದಿ, ತೊರೆಗಳ ಮೇಲೆಯೇ ಹಾದುಹೋಗುತ್ತದೆ. 2025ರ ಆರಂಭದಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸುಮಾರು 3,232 ಕಿ.ಮೀ. ಬೇಲಿಯಾಗಿದೆ. ಉಳಿದ 864 ಕಿ.ಮೀ.ಯಲ್ಲಿ 174.5 ಕಿ.ಮೀ. ಬೇಲಿ ಕಟ್ಟಲಾಗದ ಜಾಗ.

1975ರ ಜಂಟಿ ಮಾರ್ಗಸೂಚಿಯಂತೆ ಶೂನ್ಯರೇಖೆಯಿಂದ, ಅಂದರೆ ಅಸಲಿ ಗಡಿಗೆರೆಯಿಂದ, 150 ಗಜದೊಳಗೆ ಎರಡೂ ದೇಶಗಳು ರಕ್ಷಣಾ ಸ್ವರೂಪದ ಕಟ್ಟಡ ಕಟ್ಟುವಂತಿಲ್ಲ. ಮುಳ್ಳುತಂತಿ ರಕ್ಷಣಾ ಕಟ್ಟಡವೇ ಅಲ್ಲವೇ ಎಂಬ ವಾದ ಇನ್ನೂ ಮುಗಿದಿಲ್ಲ. 2025ರ ಜನವರಿಯಲ್ಲೂ ಇದೇ ಕಾರಣಕ್ಕೆ ಢಾಕಾ ಭಾರತದ ರಾಯಭಾರಿಯನ್ನು ಕರೆಸಿಕೊಂಡಿತು. ಪರಿಣಾಮವಾಗಿ ಬೇಲಿ ನಮ್ಮ ನೆಲದೊಳಗೆ ಕನಿಷ್ಠ 137 ಮೀಟರ್ ಹಿಂದೆ ಸರಿದು ನಿಲ್ಲುತ್ತದೆ, ಭೂಮಿ ಏರುತಗ್ಗಾಗಿದ್ದರೆ ಇನ್ನೂ ಹಿಂದೆ. ಬೇಲಿಗೂ ಗಡಿಕಲ್ಲಿಗೂ ನಡುವೆ ಭಾರತೀಯರ ಗದ್ದೆಗಳಿವೆ, ಕೆಲವೆಡೆ ಮನೆಗಳೇ ಇವೆ. ರೈತ ನಿಗದಿತ ಹೊತ್ತಿಗೆ ಗೇಟಿನ ಬಳಿ ಬಂದು, ಗುರುತಿನ ಚೀಟಿಯನ್ನು ಬಿಎಸ್‌ಎಫ್ ಜವಾನನ ಕೈಗಿತ್ತು, ಪುಸ್ತಕದಲ್ಲಿ ಹೆಸರು ಬರೆಸಿ ತನ್ನದೇ ಗದ್ದೆಗೆ ಹೋಗಬೇಕು. ಗೇಟು ಮುಚ್ಚುವುದರೊಳಗೆ ವಾಪಸ್. ರಾತ್ರಿ ಪೈರು ಕೊಯ್ದು ಹೋದರೂ ಅವನಿಗೆ ತಿಳಿಯುವುದು ಬೆಳಗ್ಗೆಯೇ. ಅಲ್ಲಿ ಸೆಣಬು ಬೆಳೆಯುವುದಕ್ಕೂ ತಕರಾರು, ಏಕೆಂದರೆ ಹತ್ತಡಿ ಎತ್ತರದ ಸೆಣಬಿನೊಳಗೆ ಇಡೀ ಗುಂಪು ಅಡಗಿಕೊಳ್ಳಬಹುದು. ಜವಾನನ ಕಾಳಜಿ ನಿಜ, ರೈತನ ನಷ್ಟವೂ ನಿಜ. ಎತ್ತರದ ಬೆಳೆ ಬಿಡು ಎಂದು ಹೇಳುವಾಗ ಅದರ ವ್ಯತ್ಯಾಸದ ಹಣವನ್ನೂ ಕೊಡಬೇಕಿತ್ತು. ಅದಿಲ್ಲದೆ ಮುನಿದ ರೈತ ರಾತ್ರಿ ಕಂಡದ್ದನ್ನು ಬೆಳಗ್ಗೆ ಹೇಳದೆ ಸುಮ್ಮನಾಗುತ್ತಾನೆ.

ನದಿಗಳಲ್ಲಿ ಬೇಲಿಯ ಮಾತೇ ಇಲ್ಲ. ಅಸ್ಸಾಮಿನ ಧುಬ್ರಿಯಲ್ಲಿ ಬ್ರಹ್ಮಪುತ್ರ ದೇಶ ಬಿಡುವ ಕಡೆ ಹತ್ತಾರು ಕವಲಾಗಿ ಹರಡುತ್ತದೆ, ನಡುವೆ ‘ಚರ್’ ಎನ್ನುವ ಮರಳುದ್ವೀಪಗಳು. ಒಂದು ಪ್ರವಾಹಕ್ಕೆ ಒಂದು ಚರ್ ಕರಗಿ ಇನ್ನೊಂದು ಕಡೆ ಮೇಲೇಳುತ್ತದೆ. 2019ರ ಮಾರ್ಚ್‌ನಲ್ಲಿ ಇಲ್ಲಿನ 61 ಕಿ.ಮೀ.ಗೆ ಕ್ಯಾಮೆರಾ, ಸಂವೇದಕ, ಮೈಕ್ರೊವೇವ್ ಸಂಪರ್ಕದ ಜಾಲ ಹಾಕಲಾಯಿತು. ಅದಕ್ಕೂ ಮುನ್ನ 2018ರಲ್ಲಿ ಜಮ್ಮುವಿನಲ್ಲಿ ಸುಮಾರು ಐದೂವರೆ ಕಿ.ಮೀ.ಯ ಎರಡು ತುಣುಕುಗಳಲ್ಲಿ ಪ್ರಯೋಗ ಆಗಿತ್ತು. ಇಂಥ ಜಾಲ ಬಳಸುವವರ ಮೊದಲ ದೂರು ಸುಳ್ಳು ಎಚ್ಚರಿಕೆಗಳದ್ದು. ನರಿ, ನೀಲಗಾಯ್, ಗಾಳಿಗೆ ಬಾಗುವ ಆನೆಹುಲ್ಲು ಎಲ್ಲದಕ್ಕೂ ಗಂಟೆ ಹೊಡೆದರೆ ಪರದೆಯ ಮುಂದೆ ಕೂತವರು ಕ್ರಮೇಣ ಗಂಟೆಯನ್ನೇ ನಂಬುವುದಿಲ್ಲ. ಡಿಸೆಂಬರ್-ಜನವರಿಯ ದಟ್ಟ ಮಂಜಿನಲ್ಲಿ ಶಾಖ ಗುರುತಿಸುವ ಕ್ಯಾಮೆರಾದ ಶಕ್ತಿಯೂ ಕುಗ್ಗುತ್ತದೆ. ಸುಂದರ್‌ಬನ್ಸ್‌ನ ದಾರಿ ಇದಕ್ಕಿಂತ ಸರಳ. ಅಲ್ಲಿ ಬಿಎಸ್‌ಎಫ್ ಠಾಣೆಯನ್ನೇ ನೀರಿನ ಮೇಲೆ ಇಟ್ಟಿತು. 2022ರ ಮೇನಲ್ಲಿ ಸೇರಿಕೊಂಡ ಮೂರು ತೇಲುವ ಠಾಣೆಗಳ ಹೆಸರು ಸಟ್ಲಜ್, ಕಾವೇರಿ, ನರ್ಮದಾ. ತಲುಪುವ ಸಮಯವನ್ನು ಕಡಿಮೆ ಮಾಡುವ ನೇರ ಉಪಾಯ ಅದು.

ಪಂಜಾಬಿನಲ್ಲಿ ಬೇಲಿ ಇದೆ, ದೀಪಗಳಿವೆ, ಗಸ್ತೂ ಚೆನ್ನಾಗಿದೆ. ಹಾಗಾಗಿಯೇ ಕಳ್ಳಸಾಗಣೆ ಬೇಲಿಯ ಮೇಲಿಂದ ಹಾರಿತು. 2023ರಲ್ಲಿ ಪಂಜಾಬ್ ಗಡಿಯಲ್ಲಿ ಬಿಎಸ್‌ಎಫ್‌ಗೆ ಸಿಕ್ಕ ಡ್ರೋನ್ 107, 2024ರಲ್ಲಿ 294. ಮೊದಲು ಬರುತ್ತಿದ್ದುದು ಕಿಲೋಗಟ್ಟಲೆ ಹೊರುವ ದೊಡ್ಡ ಡ್ರೋನ್, ಸದ್ದಿಗೇ ಸಿಕ್ಕಿಬೀಳುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಪುಟ್ಟ ಮಾವಿಕ್ ಡ್ರೋನ್‌ಗಳು, ಅರ್ಧ ಕಿಲೋ ಹೆರಾಯಿನ್ ಹೊತ್ತು ಸದ್ದು ಕೇಳದಷ್ಟು ಎತ್ತರದಲ್ಲಿ ಬರುತ್ತವೆ. ಹೊಲದಲ್ಲಿ ಸಿಗುವ ಪೊಟ್ಟಣ ಬಹುತೇಕ ಒಂದೇ ಥರ: ಹಳದಿ ಅಂಟುಪಟ್ಟಿ ಸುತ್ತಿದ್ದು, ಮೇಲೆ ತಂತಿಯ ಕುಣಿಕೆ, ಕತ್ತಲಲ್ಲಿ ಹುಡುಕುವವನಿಗೆ ಕಾಣಲೆಂದು ಹೊಳೆಯುವ ಪಟ್ಟಿ. ಜಾಗದ ಗುರುತು ಮೊದಲೇ ಫೋನಿಗೆ ಬಂದಿರುತ್ತದೆ. ಗಡಿಯಿಂದ ಮೂರು ಕಿ.ಮೀ. ಒಳಗೆ ಬಂದು ಪೊಟ್ಟಣ ಬಿಟ್ಟು ಹಿಂದಿರುಗಲು ಆರೇಳು ನಿಮಿಷ ಸಾಕು. ಜಾಮರ್ ಹಾಕಿದರೆ ಡ್ರೋನ್ ದಾರಿ ತಪ್ಪಿ ಬೀಳಬಹುದು, ಆದರೆ ಪೊಟ್ಟಣ ಎತ್ತಿಕೊಳ್ಳುವವನು ಈ ಕಡೆಯ ಊರಿನವನು. ಅವನನ್ನು ಹಿಡಿಯುವುದು ರಾಜ್ಯ ಪೊಲೀಸರ ಬೇಹುಗಾರಿಕೆಯ ಕೆಲಸ. 2021ರ ಅಕ್ಟೋಬರ್‌ನಲ್ಲಿ ಬಿಎಸ್‌ಎಫ್ ಅಧಿಕಾರದ ವ್ಯಾಪ್ತಿಯನ್ನು ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಮ್‌ಗಳಲ್ಲಿ 15ರಿಂದ 50 ಕಿ.ಮೀ.ಗೆ ಹಿಗ್ಗಿಸಿದಾಗ ಎದ್ದ ರಾಜಕೀಯ ಜಗಳದಲ್ಲಿ ಹೆಚ್ಚು ನಲುಗಿದ್ದು ಈ ಎರಡು ಪಡೆಗಳ ನಡುವಿನ ನಂಬಿಕೆ.

ಹಿಮದ ಗಡಿಯಲ್ಲಿ ತಲುಪುವ ಪ್ರಶ್ನೆಗೆ ಶರೀರವೇ ಉತ್ತರಿಸುತ್ತದೆ. ಬಯಲಿನಿಂದ ಬಂದ ಸೈನಿಕ 9,000 ಅಡಿಯ ಮೇಲೆ ಆರು ದಿನ, 12,000ದ ಮೇಲೆ ನಾಲ್ಕು ದಿನ, 15,000ದ ಮೇಲೆ ಮತ್ತೆ ನಾಲ್ಕು ದಿನ ಹೊಂದಿಕೊಂಡ ಮೇಲೆಯೇ ಕೆಲಸಕ್ಕೆ ಸಿದ್ಧ. ಎರಡು ವಾರದ ಈ ದಾರಿಗೆ ಒಳದಾರಿ ಇಲ್ಲ, ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆದ್ದರಿಂದ ಚೀನಾ ಅಂಚಿನಲ್ಲಿ ಜನ ಮೊದಲೇ ಅಲ್ಲಿರಬೇಕು. 2023ರಲ್ಲಿ ₹4,800 ಕೋಟಿಯಲ್ಲಿ ಶುರುವಾದ ‘ವೈಬ್ರೆಂಟ್ ವಿಲೇಜಸ್’ ಯೋಜನೆ ಮೊದಲು ಕೈಗೆತ್ತಿಕೊಂಡ 663 ಹಳ್ಳಿಗಳಲ್ಲಿ ರಸ್ತೆ, ವಿದ್ಯುತ್, ಫೋನ್ ಬಂದು ಯುವಕರು ಊರು ಬಿಡದಿದ್ದರೆ, ಕುರಿ ಮೇಯಿಸುವವರೇ ಅಲ್ಲಿನ ಮೊದಲ ಗಸ್ತು.

ಮ್ಯಾನ್ಮಾರ್ ಕಡೆ ಇದರ ಉಲ್ಟಾ ನಡೆಯುತ್ತಿದೆ ಎಂಬ ಆತಂಕ ನನಗಿದೆ. 1,643 ಕಿ.ಮೀ. ಉದ್ದಕ್ಕೂ ಬೇಲಿ ಹಾಕುವ, ಗಡಿಯ ಎರಡೂ ಕಡೆಯವರು ವೀಸಾ ಇಲ್ಲದೆ ಆಚೆಗೆ 16 ಕಿ.ಮೀ.ವರೆಗೆ ಹೋಗಿಬರಬಹುದಾಗಿದ್ದ ಮುಕ್ತ ಸಂಚಾರ ನಿಲ್ಲಿಸುವ ನಿರ್ಧಾರ 2024ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಮಿಜೋರಾಂ, ನಾಗಾಲ್ಯಾಂಡ್ ವಿಧಾನಸಭೆಗಳು ವಿರೋಧಿಸಿ ನಿರ್ಣಯ ಮಾಡಿದವು. ನಾಗಾಲ್ಯಾಂಡಿನ ಲೋಂಗ್ವಾದಲ್ಲಿ ಗಡಿ ಊರಿನ ಮುಖ್ಯಸ್ಥನ ಮನೆಯೊಳಗೇ ಹಾದುಹೋಗುತ್ತದೆ. ಶಸ್ತ್ರ, ಮಾದಕವಸ್ತು ಬರುವುದು ಸುಳ್ಳಲ್ಲ, ತಡೆಯಲೇಬೇಕು. ಆದರೆ ಕಾಡು, ಕಡಿದಾದ ಬೆಟ್ಟ, ಭೂಕುಸಿತದ ನಡುವೆ ಬೇಲಿ ನೋಡಿಕೊಳ್ಳಲು ರಸ್ತೆ ಬೇಕು, ರಸ್ತೆ ನೋಡಿಕೊಳ್ಳಲು ಜನ ಬೇಕು. ಬೇಲಿ ಕಟ್ಟುವ ಮೊದಲೇ ಆ ಜನ ಮುನಿದುಕೊಂಡಿದ್ದಾರೆ.

ಮತ್ತೆ ಕಡಲಿಗೆ. ಮೀನುಗಾರ ಏನಾದರೂ ಅನುಮಾನದ್ದನ್ನು ಕಂಡರೆ ಕರಾವಳಿ ಪೊಲೀಸರ 1093ಕ್ಕೋ ಕೋಸ್ಟ್ ಗಾರ್ಡ್‌ನ 1554ಕ್ಕೋ ಹೇಳಬೇಕು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಇಲ್ಲ, ವಿಎಚ್‌ಎಫ್ ಇದ್ದರಷ್ಟೇ ಮಾತು. ಮಾಹಿತಿ ಕೊಟ್ಟ ಮೇಲೆ ಹೇಳಿಕೆ ಬರೆಸಲು ಠಾಣೆಗೆ ಬಾ ಎನ್ನುತ್ತಾರೆ. ಆ ದಿನ ದೋಣಿ ನಿಂತರೆ ದೋಣಿಯಾಳುಗಳಾದ ಕಲಾಸಿಗಳ ಕೂಲಿ, ಕರಗುವ ಮಂಜುಗಡ್ಡೆ, ಸುಟ್ಟ ಡೀಸೆಲ್ ಎಲ್ಲ ತಾಂಡೇಲನ ತಲೆಗೆ. ಹೇಳಿಕೆಯನ್ನು ಧಕ್ಕೆಯಲ್ಲೇ, ಮೀನು ಇಳಿಸುವ ಹೊತ್ತಿನಲ್ಲಿ ಬರೆದುಕೊಂಡರೆ, ಮಾಹಿತಿ ನಿಜವಾದಾಗ ಆ ದಿನದ ನಷ್ಟವನ್ನು ವಾರದೊಳಗೆ ತುಂಬಿಕೊಟ್ಟರೆ, ಅದಕ್ಕೆ ಹಿಡಿಯುವ ಹಣ ಒಂದು ಗಸ್ತು ದೋಣಿಯ ಡೀಸೆಲ್ ಖರ್ಚಿನ ಮುಂದೆ ಲೆಕ್ಕಕ್ಕಿಲ್ಲ.